ಹಲಸಿನ ಮಣೆಯ ಮೇಲೆ ಮೂರು ಡಬ್ಬಿ

ಗಿಟಾರ್ ನುಡಿಸುವವನು ವೇದಿಕೆಯ ಮೇಲೆ ನಿಂತು ಕಾಲಿನಲ್ಲಿ ಏನನ್ನೋ ಒತ್ತುತ್ತಿರುತ್ತಾನಲ್ಲ, ಅದಕ್ಕೆ ಪೆಡಲ್ ಬೋರ್ಡ್ ಎನ್ನುತ್ತಾರೆ. ತಂತಿಯ ದನಿ ಅದರೊಳಗೆ ಹಾದು ಗುಡುಗಾಗಿಯೋ, ಮಾರ್ದನಿಯಾಗಿಯೋ, ನಡುಕವಾಗಿಯೋ ಸ್ಪೀಕರಿಗೆ ಹೋಗುತ್ತದೆ. ಅರಕಲಗೂಡು ತಾಲ್ಲೂಕಿನಲ್ಲಿ ಇಂಥದ್ದನ್ನು ಸ್ವಂತ ಕೈಯಿಂದ ಕಟ್ಟಿದ ಮೊದಲ ಮನುಷ್ಯ ನಾನೇ ಎಂದು ನಂಬಿದ್ದೇನೆ. ಈವರೆಗೆ ಯಾರೂ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿಲ್ಲ.

ನನ್ನದು ಟೀವಿ ರಿಪೇರಿ ಅಂಗಡಿ. ಮದುವೆ ಹಂಗಾಮಿನಲ್ಲಿ ಆರ್ಕೆಸ್ಟ್ರಾದ ಗಿಟಾರ್. ರಿಪೇರಿಗೆಂದು ಬಂದು, ಒಡೆಯರು ಮರೆತೇಬಿಟ್ಟ ಹಳೇ ಟೀವಿಗಳು ಅಂಗಡಿಯ ಅಟ್ಟದ ತುಂಬ ಇದ್ದವು. ಅವುಗಳ ಆನ್-ಆಫ್ ಸ್ವಿಚ್ಚುಗಳನ್ನು ಕಿತ್ತೆ. ಒಮ್ಮೆ ಒತ್ತಿದರೆ ಕೂರುತ್ತವೆ, ಇನ್ನೊಮ್ಮೆ ಒತ್ತಿದರೆ ಏಳುತ್ತವೆ. ಕಾಲಿನ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು. ಮಾರ್ದನಿಗೆ, ಮೈಕ್‌ಸೆಟ್ಟಿನವನು ಗುಜರಿಗೆ ಹಾಕಲಿದ್ದ ಎಕೋ ಬೋರ್ಡು. ಇವಕ್ಕೆಲ್ಲ ಒಂದೊಂದು ಮನೆ ಬೇಕಲ್ಲ? ಹೆಂಡತಿಯ ಮೂರು ಸ್ಟೀಲ್ ಡಬ್ಬಿಗಳನ್ನು, ಆಕೆಯ ಪೂರ್ಣ ಸಮ್ಮತಿಗೆ ಕಾಯದೆ, ಸ್ವಾಧೀನಪಡಿಸಿಕೊಂಡೆ. ಗುಡುಗಿನ ಡಬ್ಬಿಯ ಮುಚ್ಚಳ ತೆಗೆದರೆ ಇಂದಿಗೂ ಸಾರಿನಪುಡಿಯ ಘಮ ಬರುತ್ತದೆ.

ಮೂರನ್ನೂ ಕೂರಿಸಿದ್ದು ಮನೆಯ ಹಲಸಿನ ಮಣೆಯ ಮೇಲೆ. ಅದಕ್ಕೆ ಅವ್ವನ ತಕರಾರು.

"ಕುಂತು ಉಣ್ಣೋ ಮಣೆ ಕಣ್ಲಾ ಅದು. ಅದ್ರ ಮ್ಯಾಲೆ ಕಾಲಿಕ್ಕೀಯಾ?"

"ಕುಂತ್ಕಂಡ್ರೆ ತಪ್ಪಿಲ್ಲ, ಕಾಲಿಕ್ಕಿದ್ರೆ ತಪ್ಪಾ ಅವ್ವ?"

"ಥೂ, ನಿನ್ ಬಾಯಿಗಷ್ಟು!"

ನಿಜವಾದ ಗಂಡಾಂತರ ಇದ್ದದ್ದು ಹೊಳೆನರಸೀಪುರದಲ್ಲಿ. ನಮ್ಮ ಆರ್ಕೆಸ್ಟ್ರಾ ನಡೆಸುವ ಮೇಷ್ಟ್ರು ಅಲ್ಲಿಯವರು, ಢೋಲಕ್ ನುಡಿಸುತ್ತಾರೆ. ಢೋಲಕ್ಕಿಗೆ ತಮ್ಮ ಪಂಚೆಯ ಅಂಚು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ನನ್ನ ಮಣೆಯನ್ನು ಎರಡು ಸುತ್ತು ಬಂದು ನೋಡಿದರು.

"ವಾದ್ಯನಾ ತುಳಿಯೋದಾ? ಆಗ್ಲಿ, ಚನ್ನರಾಯಪಟ್ಟಣದ ರಿಸೆಪ್ಷನ್‌ಗೆ ತತ್ತಾ. ಅಲ್ಲೇನಾರ ಎಡವಟ್ಟಾಯ್ತೋ, ನಿನ್ ಪಾಲಿಂದೂ ಕೀಬೋರ್ಡ್‌ನೋನಿಗೇ ಕೊಟ್ಬುಡ್ತೀನಿ. ನೀನು ಮನೇಲಿ ಟೀವಿ ನೋಡ್ಕಂಡಿರು."

ಇಪ್ಪತ್ತೆರಡು ವರ್ಷ ನಾನು ನಿಂತ ಜಾಗ ಅದು. ಮೇಷ್ಟ್ರು ತಮಾಷೆಗೆ ಮಾತಾಡುವವರೂ ಅಲ್ಲ.

ನಡುವೆ ಆಯುಧಪೂಜೆ ಬಂತು. ಸ್ಕ್ರೂಡ್ರೈವರು, ಇಕ್ಕಳ, ಬೆಸುಗೆ ಕಡ್ಡಿಗಳ ಸಾಲಿಗೆ ಅವ್ವ ತಾನಾಗಿ ಮಣೆಯನ್ನೂ ತಂದಿಟ್ಟಳು. "ತುಳಿಯೋದಂತೂ ಬುಡಾಕಿಲ್ಲ ನೀನು. ಪೂಜೆ ಮಾಡಿಸ್ಕಂಡಾದ್ರೂ ತುಳಿಸ್ಕಳ್ಳಿ" ಎಂದು ಅರಿಶಿನ ಕಲಸಿ, ಮೂರು ಡಬ್ಬಿಗೂ ಧಾರಾಳವಾಗಿ ಮೆತ್ತಿ, ಮೇಲೊಂದು ಕುಂಕುಮವಿಟ್ಟಳು. ನನಗೆ ಕಣ್ಣು ತುಂಬಿ ಬಂತು. ಪೂಜೆಯ ಅರಿಶಿನವನ್ನು ಯಾರಾದರೂ ಒರೆಸುತ್ತಾರೆಯೆ? ಒರೆಸಲಿಲ್ಲ.

ಚನ್ನರಾಯಪಟ್ಟಣದಲ್ಲಿ ಬರಿಗಾಲಿನಲ್ಲೇ ವೇದಿಕೆ ಹತ್ತಿದೆ. ಮೊದಲ ಹಾಡು ಕುಣಿತದ್ದು. ಗುಡುಗಿನ ಸ್ವಿಚ್ ಒತ್ತಿದೆ. ಮದುಮಗನ ಗೆಳೆಯರು ಕುರ್ಚಿ ಬಿಟ್ಟೆದ್ದರು. ನಾನು ಮೇಷ್ಟ್ರ ಕಡೆ ನೋಡಲಿಲ್ಲ. ನೋಡಿದರೆ ಹಮ್ಮು ಕಾಣುತ್ತದೆಂದು.

ಎರಡನೆಯದು ಲಾಲಿಯಂಥ ಮೆದು ಹಾಡು. ಶುರು ಮಾಡಬೇಕಾದವನು ನಾನೊಬ್ಬನೇ. ಎಕೋ ಹಾಕಿ, ಗುಡುಗು ಆರಿಸಲು ಒತ್ತಿದೆ, ತಂತಿ ಮೀಟಿದೆ. ಶಿರಾಡಿ ಘಾಟಿ ಹತ್ತುವ ಲಾರಿಯಂತೆ ಒಂದು ಗರ್ಜನೆ ಹೊರಟಿತು. ಹಾಡುವ ಹುಡುಗಿ ಮೈಕಿನಿಂದ ಒಂದಡಿ ಹಿಂದಕ್ಕೆ ಹಾರಿದಳು. ಮೇಷ್ಟ್ರ ಕೈ ಢೋಲಕ್ಕಿನ ಮೇಲೆ ಗಾಳಿಯಲ್ಲೇ ನಿಂತಿತು. ಒಣಗಿದ ಅರಿಶಿನ ಸ್ವಿಚ್ಚಿನ ಸಂದಿಗೆ ಗಾರೆಯಂತೆ ಕೂತು ಅದನ್ನು ಏಳಗೊಡದೆ ಹಿಡಿದಿತ್ತು.

ಆದರೆ ಎಕೋ ಡಬ್ಬಿ ತನ್ನ ಕರ್ತವ್ಯ ಮರೆಯಲಿಲ್ಲ. ಆ ಗರ್ಜನೆಯನ್ನೇ ಸಣ್ಣದು ಮಾಡಿ, ಇನ್ನೂ ಸಣ್ಣದು ಮಾಡಿ, ದೂರ ಹೋಗುವ ಗುಡುಗಿನಂತೆ ತಿರುಗಿ ತಿರುಗಿ ನುಡಿಸುತ್ತಿತ್ತು. ಅಷ್ಟರಲ್ಲಿ ನಾನು ಮಂಡಿಯೂರಿ, ಬಗ್ಗಿ, ತಂತಿ ಮೀಟುವ ಬಿಲ್ಲೆಯ ಮೂತಿಯಿಂದ ಸ್ವಿಚ್ಚಿನ ಸುತ್ತ ಕೆರೆದೆ. ಚಕ್ಕೆ ಎದ್ದಿತು, ಸ್ವಿಚ್ಚೂ ಎದ್ದಿತು. ಕೊನೆಯ ಗುಡುಗು ಅಡಗುವ ಹೊತ್ತಿಗೆ ಎರಡನೇ ಸ್ವರ, ತೊಳೆದಿಟ್ಟ ಲೋಟದಂತೆ ಶುದ್ಧವಾಗಿ ಬಂತು. ಹುಡುಗಿ ಅದನ್ನು ಹಿಡಿದು ಹಾಡಿದಳು. ಮುಂದಿನ ಸಾಲಿನ ಅಜ್ಜಿಯೊಬ್ಬರು ನನಗೆ ಕೈಮುಗಿದರು.

ಊಟಕ್ಕೆ ಮೇಷ್ಟ್ರ ಪಕ್ಕದ ಎಲೆಯೇ ಸಿಕ್ಕಿತು.

"ವಾದ್ಯಕ್ಕೆ ಅಡ್ಡಬಿದ್ದ ಅಂತಾವ್ರೆ ಜನ" ಎಂದರು.

"ಇಲ್ಲ ಮೇಷ್ಟ್ರೇ. ಸ್ವಿಚ್ ಸಿಕ್ಕಾಕ್ಕಂಡಿತ್ತು."

"ನಂಗೇನ್ ಕಣ್ಣಿಲ್ವೇನ್ಲಾ? ಆ ಗುಡುಗು ಸಾಯೋದ್ರೊಳಗೆ ಬುಡಿಸ್ದೆ, ಅದು ಹೇಳು. ಅಂಗಡೀಲಿ ತಂದಿದ್ದಾಗಿದ್ರೆ ಯಾವ್ದು ಎಲ್ಲೈತೆ ಅಂತ ತಡಕ್ತಾ ಕುಂತಿರ್ತಿದ್ದೆ."

ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡು ಮುಗಿಸಿದರು. ಆಮೇಲೆ, ಎಲೆ ಮಡಚುತ್ತಾ, ಯಾರಿಗೂ ಕೇಳಿಸದಂತೆ: "ನನ್ ಢೋಲಕ್ ಮೈಕಿಗೂ ಒಂದ್ ಎಕೋ ಡಬ್ಬಿ ಮಾಡ್ಕೊಡು. ನಂದು ಮಾತ್ರ ಕೈಲಿ ಒತ್ತೋ ಅಂಗಿರ್ಲಿ."

ಆ ಡಬ್ಬಿಯನ್ನು ಹೆಂಡತಿ ತಾನಾಗಿ ಖಾಲಿ ಮಾಡಿ ಕೊಟ್ಟಳು. ಈಗ ನನ್ನ ಮಣೆ, ಮೇಷ್ಟ್ರ ಡಬ್ಬಿ ಎರಡರ ಮೇಲೂ, ಸ್ವಿಚ್ಚಿನಿಂದ ನಾಲ್ಕು ಬೆರಳು ದೂರಕ್ಕೆ, ಕೆಂಪು ಬಣ್ಣದಲ್ಲಿ ಒಂದೊಂದು ಸಣ್ಣ ವೃತ್ತ ಬರೆದಿದ್ದೇನೆ. ಅವ್ವ ಅರಿಶಿನ-ಕುಂಕುಮ ಇಡಬೇಕಾದ ಜಾಗ ಅದು.