ಟಾಯರ್ ಹಚ್ಚಿಸಿದ ಬೂಟು

ಮದುವೆಗೆ ಹೋದಾಗ ಉಳಿದವರು ಮದುಮಗಳ ಸೀರೆ ನೋಡಿದರೆ, ನಾನು ಹೊರಗೆ ಬಿಟ್ಟ ಚಪ್ಪಲಿಗಳನ್ನು ನೋಡುತ್ತೇನೆ. ಹೊಸತೋ ಹಳೆಯದೋ ಎಂದಲ್ಲ; ಎಲ್ಲಿ ಸವೆದಿವೆ ಎಂದು. ನಮ್ಮ ಮನೆಯವರದು ಬಲಗಾಲ ಹಿಮ್ಮಡಿಯ ಹೊರ ಅಂಚಿನಲ್ಲಿ ಸವೆಯುತ್ತದೆ. ನನ್ನದು ಹೆಬ್ಬೆರಳ ಕೆಳಗೆ ತಗ್ಗು ಬೀಳುತ್ತದೆ. ಸದಾ ಬಸ್ಸು ತಪ್ಪಿದವಳಂತೆ ಮುಂದಕ್ಕೆ ಬಾಗಿ ನಡೆಯುತ್ತೇನಲ್ಲ, ಅದಕ್ಕಿರಬೇಕು.

ನೋಡಿ ಸುಮ್ಮನಿದ್ದರೆ ಚೆನ್ನಾಗಿತ್ತು. ಸವೆದದ್ದು ಕಂಡರೆ ದುರಸ್ತಿ ಮಾಡಿಸದೆ ನನಗೆ ಅನ್ನ ಇಳಿಯುವುದಿಲ್ಲ. ನಮ್ಮ ಹುಕ್ಕೇರಿ ಕಡೆ ಇದು ನನ್ನೊಬ್ಬಳ ಗುಣವೂ ಅಲ್ಲ. ಹಳೆಯ ಟಾಯರಿನ ತುಂಡು ಕೊಯ್ದು ಅಟ್ಟೆಗೆ ಹಚ್ಚಿಸಿಬಿಟ್ಟರೆ ಮುಗಿಯಿತು, ಬಾರು ಹರಿದೀತು, ಅಟ್ಟೆ ಹರಿಯದು. ಅಂಗಡಿಯಲ್ಲಿ ನಾವು ಕೇಳುವುದೂ ಒಂದೇ ಪ್ರಶ್ನೆ: "ಬಾಳಕಿ ಬರ್ತಾವೇನ್ರಿ?"

ನನ್ನ ತಮ್ಮ ಮಹಾಂತೇಶ ಸೈನ್ಯದಲ್ಲಿದ್ದಾನೆ. ಬೇಸಿಗೆಯಲ್ಲಿ ರಜೆಗೆ ಬಂದವನು ತುಕ್ಕಾನಟ್ಟಿಯ ತವರಿನಲ್ಲಿ ಕೆಲವು ದಿನ ಇದ್ದು ನಮ್ಮಲ್ಲಿಗೆ ಬಂದ. ತಿರುಗಿ ಹೋದೊಡನೆ ಅವನಿಗೆ ಓಟದ ಪರೀಕ್ಷೆ. ಪಾಸಾದರೆ ನಾಯಕ್ ಹುದ್ದೆಗೆ ಏರುವ ದಾರಿ. ಹಿಂದಿನ ಸಲ ಸ್ವಲ್ಪದರಲ್ಲಿ ತಪ್ಪಿತ್ತು. ಅದಕ್ಕೇ ದಿನಾ ನಸುಕಿನಲ್ಲಿ ಓಡುತ್ತಿದ್ದ. ಬಾಗಿಲಲ್ಲಿ ಬಿಟ್ಟ ಅವನ ಓಟದ ಬೂಟನ್ನು ನಾನು ಮಗುಚಿ ನೋಡದೆ ಇರುತ್ತೇನೆಯೇ? ಎರಡೂ ಹಿಮ್ಮಡಿಗಳು ಸವೆದು ಓರೆಯಾಗಿದ್ದವು. ಮಧ್ಯಾಹ್ನ ಅವನು ಮಲಗಿದ್ದಾಗ, ಬಸ್ ಸ್ಟ್ಯಾಂಡಿನ ಬಾಜೂ ಕುಳಿತು ಚಪ್ಪಲಿ ಹೊಲಿಯುವ ಶಿವಪ್ಪಣ್ಣನ ಹತ್ತಿರ ಒಯ್ದೆ.

"ಇದರ ಅಟ್ಟಿ ಮೆತ್ತಗೈತ್ರಿ ಅಕ್ಕಾರ, ಟಾಯರ್ ಒಗ್ಗಂಗಿಲ್ಲ," ಎಂದ.

"ಮಿಲಿಟರಿಯಾವರ ಬೂಟ ಗಟ್ಟಿ ಇರಬೇಕ ಶಿವಪ್ಪಣ್ಣಾ. ನೀವು ಹಚ್ರಿ," ಎಂದೆ.

ಮೂರು ದಿನ ತಮ್ಮ ಅದೇ ಬೂಟು ಹಾಕಿಕೊಂಡು ಓಡಿದ. ನಾಲ್ಕನೆಯ ಮುಂಜಾನೆ ಕುಂಟುತ್ತ ಬಂದು ಕಟ್ಟೆಯ ಮೇಲೆ ಕುಳಿತ. ಮೊಣಕಾಲ ಕೆಳಗೆ, ಮುಂದಿನ ಎಲುಬಿನ ಗುಂಟ ನೋವು; ಬೆರಳು ಮುಟ್ಟಗೊಡಲಿಲ್ಲ.

"ಬೂಟ ಕಚ್ಚತಾವೇನೋ?"

"ಬೂಟ ಇನ್ನ ಹತ್ತ ವರ್ಷ ಅಳ್ಳಾಡಂಗಿಲ್ಲ ಅಕ್ಕಾ. ನನ್ನ ಕಾಲ ಅಳ್ಳಾಡಾಕತ್ತಾವು."

"ಮೊದಲ ಹೇಳಬಾರದೇನೋ ಹುಚ್ಚಾ?"

"ನೀ ಅಷ್ಟ ಪ್ರೀತಿಲೆ ಮಾಡಿಸಿದ್ದಿ. ಹೆಂಗ ಹೇಳಲಿ?"

ಚಹಾ ಕುಡಿಯುತ್ತಿದ್ದ ನಮ್ಮ ಮನೆಯವರು, "ವೈರಿ ಕೈಲೆ ಆಗದ್ದನ್ನ ನಿಮ್ಮಕ್ಕ ಮಾಡ್ಯಾಳ ನೋಡೋ," ಎಂದರು. ನನಗೆ ನಗು ಬರಲಿಲ್ಲ. ಪರೀಕ್ಷೆಗೆ ಮೂರು ವಾರ ಉಳಿದಿತ್ತು.

ಕಾಲಿಗೆ ಬರ್ಫದ ಗಡ್ಡೆ ಒತ್ತುತ್ತ ಕುಳಿತಾಗ ಅವನು ತನ್ನ ತರಬೇತಿಯ ಉಸ್ತಾದ್ ಕಲಿಸಿದ್ದನ್ನು ನನಗೆ ಕಲಿಸಿದ. ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರದ ಎರಡು ಪಟ್ಟಿಗೂ ಮಿಕ್ಕಿದ ಪೆಟ್ಟು ಕಾಲಿಗೆ ಬೀಳುತ್ತದಂತೆ. ಅಟ್ಟೆಯೊಳಗಿನ ಮೆತ್ತನೆಯ ಪದರು ತಾನು ಅಮುಕಿಸಿಕೊಂಡು, ಆ ಪೆಟ್ಟನ್ನು ಸ್ವಲ್ಪ ಉಂಡು, ಉಳಿದದ್ದನ್ನು ಮೆಲ್ಲಗೆ ದಾಟಿಸುತ್ತದೆ. ಉಣ್ಣುತ್ತ ಉಣ್ಣುತ್ತ ಒಂದು ದಿನ ಅದರ ಜೀವ ಹೋಗುತ್ತದೆ; ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ತಮ್ಮನ ಬೂಟು ಮೊದಲೇ ದಣಿದಿತ್ತು. ಅದರ ಹಿಮ್ಮಡಿಗೆ ಕಲ್ಲಿನಂಥ ಟಾಯರು ಹಚ್ಚಿಸಿ, ಎತ್ತರ ಹೆಚ್ಚಿಸಿ, ನಾನು ಅವನ ಹೆಜ್ಜೆಯನ್ನೇ ಬದಲಿಸಿದ್ದೆ. ಟಾಯರಿಗೆ ಏನೂ ಆಗಿರಲಿಲ್ಲ. ಆಗುವುದೆಲ್ಲ ಎಲುಬಿಗೆ ಆಗಿತ್ತು.

ತೂತಾಗದ ಬೋಗುಣಿ, ಬಣ್ಣ ಬಿಡದ ಸೀರೆ, ಅಲುಗದ ಕಪಾಟು ಎಂದು ಅರ್ಧ ಆಯುಷ್ಯ ಕಳೆದವಳು ನಾನು. ಒಂದು ವಸ್ತು ಸವೆಯದೆ ಉಳಿದರೆ ಅದರ ಪಾಲಿನ ಸವೆತ ಯಾರಿಗೆ ಹೋಗುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಆಗ ನನ್ನ ಹಿರಿಯ ನೆಗೆಣ್ಣಿ, ಭಾವನವರ ಹೆಂಡತಿ, ನೆನಪಾದಳು. ಕೂಡಿದ್ದ ಮನೆಯಲ್ಲಿ ಎಲ್ಲರ ಸಿಟ್ಟೂ ಮೊದಲು ಆಕೆಯ ಮೇಲೆ ಇಳಿದು, ನಮಗೆ ಮುಟ್ಟುವಷ್ಟರಲ್ಲಿ ಅರ್ಧವಾಗಿರುತ್ತಿತ್ತು. ಆಕೆ ದಣಿದದ್ದೂ ನಮಗೆ ಹೊರಗಿನಿಂದ ತಿಳಿಯಲಿಲ್ಲ.

ಹತ್ತು ದಿನ ಓಟ ಬಿಡಿಸಿದೆವು. ಗೋಕಾಕಿಗೆ ಹೋಗಿ ಹೊಸ ಬೂಟು ತಂದೆವು. ಅಂಗಡಿಯಲ್ಲಿ ಹಳೆಯ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಕೊನೆಯ ದಿನಗಳಲ್ಲಿ ಅವನು ಡಾಂಬರು ಬಿಟ್ಟು ಹೊಲದ ಮಣ್ಣಿನ ದಾರಿಯಲ್ಲಿ ಮೆಲ್ಲಗೆ ಓಡಿದ, ಆಮೇಲೆ ಹೊರಟುಹೋದ. ಪರೀಕ್ಷೆಯ ದಿನ ನಾನು ಎರಡು ಸಲ ಹಾಲು ಉಕ್ಕಿಸಿದೆ, ಪಲ್ಯಕ್ಕೆ ಉಪ್ಪು ಮರೆತೆ. ಸಂಜೆ ಫೋನು ಬಂತು.

"ಪಾಸಾದ್ನಿ ಅಕ್ಕಾ!"

"ಕಾಲ?"

"ಕಾಲ ಆರಾಮ ಅದಾವು. ಬೂಟ ಮಾತ್ರ ಸವೀಯಾಕತ್ತಾವು."

"ಸವೀಲಿ ಬಿಡು, ಛಲೋ ಆತು," ಎಂದೆ.

ನಮ್ಮ ಮನೆಯವರು ಪೇಪರ್ ಕೆಳಗಿಳಿಸಿ, ಮಾತಾಡಿದ್ದು ನಾನೇ ಹೌದೋ ಎಂದು ನೋಡಿದರು.