ಹೆಸರು ಹಿಡಿದು ಕರೆಯುವವರು

ಮೊನ್ನೆ ಲಿಫ್ಟಿನಲ್ಲಿ ಒಂದು ಪುಟ್ಟ ಹುಡುಗಿ ನನ್ನ ತಲೆಯನ್ನೇ ನೋಡುತ್ತಿದ್ದು, ಆಮೇಲೆ ತಾಯಿಯ ಚೂಡಿದಾರದ ತುದಿ ಜಗ್ಗಿ, "ಅಮ್ಮಾ, ಈ ಆಂಟಿದು ಹೇರ್ ಯಾಕೆ ಟೂ ಕಲರ್?" ಎಂದು ಕೇಳಿತು. ತಾಯಿ ನಾಚಿಕೊಂಡು "ಶ್, ಹಾಗೆಲ್ಲ ಕೇಳ್ಬಾರ್ದು" ಎಂದಳು. ನನಗೆ ನಗು ಬಂತು. ಹುಡುಗಿ ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ನನ್ನ ಕೂದಲು ಬುಡದಲ್ಲಿ ಬೆಳ್ಳಗಿದೆ, ಅಲ್ಲಿಂದ ಕೆಳಗೆ ಕಪ್ಪು. ಮಾಮಿ ಹೋದ ಮೇಲೆ ನಾನು ಬಣ್ಣ ಹಚ್ಚಿಲ್ಲ. ಬೊಜ್ಜದ ಉತ್ತರಕ್ರಿಯೆ ಮುಗಿಯುವ ತನಕ ಹಚ್ಚುವಂತಿರಲಿಲ್ಲ, ಮುಗಿದ ಮೇಲೆ ಮನಸ್ಸಾಗಲಿಲ್ಲ. "ಸ್ವಲ್ಪ ದಿನ ಇಲ್ಲಿ ಬಂದು ಇರಿ ಅಮ್ಮ, ಅಲ್ಲಿ ಒಬ್ಬರೇ ಎಂತ ಮಾಡ್ತೀರಿ" ಎಂದು ಮಗ ನಿತಿನ್ ಟಿಕೆಟು ಕಳಿಸಿದ. ಆ ಎರಡು ಬಣ್ಣದ ತಲೆ ಹೊತ್ತುಕೊಂಡೇ ಕತಾರಿನ ಅಲ್ ವಕ್ರಾದ ಅವನ ಮನೆಗೆ ಬಂದಿದ್ದೇನೆ.

ಮಾಮಿ ಎಂದರೆ ನನ್ನ ಗಂಡನ ತಾಯಿ. ನಾವು ತುಳುವರು ಅತ್ತೆಯನ್ನು ಹಾಗೆ ಕರೆಯುತ್ತೇವೆ. ಗಂಡ ತೀರಿಕೊಂಡ ಮೇಲೆ ಪಡುಬಿದ್ರಿಯ ಮನೆಯಲ್ಲಿ ನಾವು ಅತ್ತೆ ಸೊಸೆ ಇಬ್ಬರೇ ಇದ್ದೆವು. ಈಗ ಅವರೂ ಇಲ್ಲ. ತೊಂಬತ್ತು ದಾಟಿದ ಜೀವ, ಅಳುವಂಥದ್ದೇನಿದೆ ಎಂದು ಬಂದವರೆಲ್ಲ ಹೇಳಿದರು. ಇರಬಹುದು. ಆದರೆ ಬೆಳಿಗ್ಗೆ ಎದ್ದು ಎರಡು ಲೋಟ ತೆಗೆದು, ಒಂದನ್ನು ಮರಳಿ ಇಡುವ ಕೈಗೆ ತೊಂಬತ್ತರ ಲೆಕ್ಕ ಗೊತ್ತಾಗುವುದಿಲ್ಲ ನೋಡಿ.

ಆ ಹುಡುಗಿಯ ಮಾತು ನನ್ನನ್ನು ದೋಹಾದ ಬಿನ್ ಒಮ್ರಾನಿನ ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋಯಿತು. ತೊಂಬತ್ತರ ದಶಕದಲ್ಲಿ ನಾವಿದ್ದದ್ದು ಅಲ್ಲಿ. ಕೆಳಗೆ ದರ್ಜಿ ಅಂಗಡಿ, ದಿನಸಿಯ ಒಂದು ಬಕಾಲಾ, ಮೇಲೆ ನಾಲ್ಕು ಮಹಡಿ ತುಂಬ ನಮ್ಮಂಥ ಸಂಸಾರಗಳು. ಎದುರು ಮನೆಯಲ್ಲಿ ಉಳ್ಳಾಲದ ಝೊಹರಾ. ಅವಳ ಮನೆಯ ಮೀನು ಹುರಿದ ವಾಸನೆ ನಮ್ಮ ಮನೆಗೂ, ನಮ್ಮ ಒಗ್ಗರಣೆಯ ಘಾಟು ಅವಳ ಮನೆಗೂ ಕೇಳದೆಯೇ ಹೋಗಿಬರುತ್ತಿದ್ದವು. ಕಟ್ಟಡದಲ್ಲಿ ಎಲ್ಲವೂ ಇತ್ತು, ಮುದುಕರು ಮಾತ್ರ ಇರಲಿಲ್ಲ. ಒಬ್ಬರೂ ಇರಲಿಲ್ಲ.

ಅದು ವಿಚಿತ್ರ ಎಂದು ನಮಗೆ ಆಗ ಅನಿಸಿರಲಿಲ್ಲ. ದುಡಿಯುವ ಪ್ರಾಯದಲ್ಲಿ ಬರುವುದು, ಅರವತ್ತರ ಹತ್ತಿರವಾದರೆ ಕಂಪನಿಯವರು ಖಲಾಸ್ ಎನ್ನುವುದು, ಗಂಟು ಕಟ್ಟಿ ಊರಿಗೆ ಹೊರಡುವುದು. ಹೊರಡುವವರಿಗೆ ಎಲ್ಲರೂ ಸೇರಿ ಒಂದು ಗೋಡೆ ಗಡಿಯಾರ ಉಡುಗೊರೆ ಕೊಡುತ್ತಿದ್ದೆವು. ಇನ್ನು ಹೊತ್ತು ನೋಡುವ ಅಗತ್ಯವೇ ಇಲ್ಲದವರಿಗೆ ಗಡಿಯಾರ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ದಿನವನ್ನು ಮುಂದೂಡಲೆಂದೋ ಏನೋ, ಗುರುವಾರ ಸಂಜೆ ಗಂಡಸರು ಹಳೆಯ ಬನಿಯನ್ ಹಾಕಿ ತಲೆಗೆ ಬಣ್ಣ ಹಚ್ಚಿಕೊಂಡು ಕೂರುತ್ತಿದ್ದರು. ಮಾರನೆಯ ದಿನ ರಜೆ. ನನ್ನ ಗಂಡನ ದಿಂಬಿನ ಹೊದಿಕೆಗಳೆಲ್ಲ ಕಂದು ಕಂದಾಗಿದ್ದವು. ಈ ನೆಲದವರಲ್ಲಿ ಹಿರಿಯರು ಖಂಡಿತ ಇದ್ದರು. ಆದರೆ ಎತ್ತರದ ಗೋಡೆಗಳ ಒಳಗೆ, ಅವರವರ ಮಜ್ಲಿಸಿನ ಚಾವಡಿಯಲ್ಲಿ. ನಮ್ಮ ಮಕ್ಕಳಿಗೆ ಕಾಣುತ್ತಿರಲಿಲ್ಲ. ಮಾವಿನಹಣ್ಣು, ಮಳೆ, ಅಜ್ಜಿ, ಇವೆಲ್ಲ ಊರಿಗೆ ರಜೆಯಲ್ಲಿ ಹೋದಾಗ ಸಿಗುವ ವಸ್ತುಗಳು ಎಂದು ಅವು ತಿಳಿದಿದ್ದವು. ನಿತಿನ್ ಒಮ್ಮೆ ಕೇಳಿದ್ದ, "ಪಪ್ಪಾ, ಮುದುಕರಾಗೋದು ಬಾಂಬೆ ಏರ್‌ಪೋರ್ಟಿನಲ್ಲಾ?"

ಆ ಕಟ್ಟಡಕ್ಕೆ ಮಾಮಿ ವಿಸಿಟ್ ವೀಸಾದಲ್ಲಿ ಬಂದರು. ಬಿಳಿಯ ಸಣ್ಣ ತುರುಬು, ಕಿವಿಯಲ್ಲಿ ಜೋತ ಓಲೆ, ಕೈಯಲ್ಲಿ ಹಲಸಿನ ಹಪ್ಪಳದ ಡಬ್ಬಿ. ಅದನ್ನು ವಿಮಾನದಲ್ಲಿ ತೊಡೆಯ ಮೇಲಿನಿಂದ ಇಳಿಸಿಯೇ ಇರಲಿಲ್ಲವಂತೆ. ಮೊದಲ ವಾರ ಅವರು ಕಿಟಕಿಯ ಬಳಿ ಕುಳಿತು ಬೀದಿ ನೋಡಿದರು. ಬಾಯಿ ಸುಮ್ಮನಿದ್ದರೂ ಬೆರಳುಗಳು ಸುಮ್ಮನಿರಲಿಲ್ಲ. ಜೀವಮಾನವಿಡೀ ಬೀಡಿ ಕಟ್ಟಿದ ಬೆರಳುಗಳು, ಇಲ್ಲದ ಎಲೆಯನ್ನು ಸುತ್ತುತ್ತ, ಇಲ್ಲದ ನೂಲು ಕಟ್ಟುತ್ತ ಇರುತ್ತಿದ್ದವು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಲ್ಲ ಎಲ್ಲಿ ಹೋದ್ರು ಮಾರಾಯ್ತಿ?"

"ಯಾರು ಮಾಮಿ? ಎಲ್ಲ ಆಫೀಸಿಗೆ ಹೋಗಿದ್ದಾರೆ."

"ಆಫೀಸಿಗೆ ಹೋಗದವರು ಎಲ್ಲಿ? ನನ್ನ ಪ್ರಾಯದವರು?"

"ಇಲ್ಲಿ ಯಾರೂ ಇಲ್ಲ ಮಾಮಿ. ಎಲ್ಲ ಊರಲ್ಲಿ."

ಅವರು ಪುನಃ ಬೀದಿ ನೋಡಿ, "ಇದೊಳ್ಳೆ ಕತೆ. ಗಿಡ ಬೆಳೆಸ್ತಾರೆ, ಹಣ್ಣಾಗ್ಲಿಕ್ಕೆ ಬಿಡೂದಿಲ್ಲ" ಎಂದರು.

ಶಾಲೆಯಲ್ಲಿ ನಿತಿನ್‌ಗೆ ಸಮಾಜ ಪಾಠದಲ್ಲಿ ಆಗ ಜಪಾನ್ ನಡೆಯುತ್ತಿತ್ತು. ಮುಂದುವರಿದ ದೇಶಗಳಲ್ಲಿ ಮುದುಕರ ಸಂಖ್ಯೆ ಏರುತ್ತಿರುವುದಕ್ಕೆ ಕಾರಣಗಳೇನು, ಪರಿಣಾಮಗಳೇನು ಎಂಬ ಪಾಠ. ಅದರ ಕೊನೆಗೆ ಪುಸ್ತಕದಲ್ಲಿದ್ದ ಒಂದು ಪ್ರಾಜೆಕ್ಟನ್ನು ಟೀಚರ್ ಕೊಟ್ಟಿದ್ದರು. ನಿಮ್ಮ ಅಜ್ಜ ಅಥವಾ ಅಜ್ಜಿಯನ್ನು ಮಾತಾಡಿಸಿ, ವಯಸ್ಸಾಗುವುದೆಂದರೆ ಏನೆಂದು ಕೇಳಿ ಬರೆಯಿರಿ, ಫೋಟೋ ಅಂಟಿಸಿ. ಪಾಠಪುಸ್ತಕ ಬರೆದವರು ದೋಹಾ ನೋಡಿರಲಿಕ್ಕಿಲ್ಲ. ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದು ನೋಡುತ್ತೇನೆ, ನಮ್ಮ ಚಪ್ಪಲಿ ಗೂಡಿನ ಎದುರು ಕಟ್ಟಡದ ಮಕ್ಕಳದ್ದೊಂದು ಸಾಲು. ಎಲ್ಲರ ಮುಂದೆ ಝೊಹರಾಳ ಮಗಳು ಸಮೀನಾ, ಸ್ನಾನ ಮಾಡಿ, ಪೆನ್ಸಿಲ್ ಚೂಪು ಮಾಡಿಕೊಂಡು.

ಮಾಮಿ ಸೋಫಾದ ಮೇಲೆ ಕಾಲು ಮಡಚಿ ಕುಳಿತರು. ನಿತಿನ್‌ನದ್ದೇ ಮೊದಲ ಪ್ರಶ್ನೆ, ಪುಸ್ತಕದಲ್ಲಿದ್ದಂತೆ ಇಂಗ್ಲಿಷಿನಲ್ಲಿ.

"ಎಂತ ಹೇಳ್ತಾನೆ ಇವ?"

"ಮುದುಕರ ದೊಡ್ಡ ಪ್ರಾಬ್ಲಮ್ ಎಂತ ಅಂತ ಕೇಳ್ತಾನೆ ಮಾಮಿ."

"ನಿನ್ನ ಅಪ್ಪ. ನಾನು ಮಲಗಿದ ಕೂಡ್ಲೇ ಟಿವಿ ಹಾಕ್ತಾನೆ. ಬರಿ."

ಮಕ್ಕಳು ಬರೆದುಕೊಂಡವು. ಪತ್ರಿಕೆ ಓದುತ್ತಿದ್ದ ನನ್ನ ಗಂಡ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿ ಮುಖ ಮುಚ್ಚಿಕೊಂಡರು. ಆಮೇಲೆ ಸಮೀನಾಳ ಸರದಿ. ಅವಳಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.

"ಅಜ್ಜಿ, ಜಪಾನಲ್ಲಿ ಜನ ತುಂಬಾ ವರ್ಷ ಬದುಕ್ತಾರಂತೆ. ಮಕ್ಕಳು ಹುಟ್ಟೋದು ಕಮ್ಮಿಯಂತೆ. ಅದಕ್ಕೆ ಎಲ್ಲಿ ನೋಡಿದ್ರೂ ಮುದುಕರೇ ಅಂತೆ. ಇದಕ್ಕೆ ಸೊಲ್ಯೂಶನ್ ಎಂತ?"

"ಎಲ್ಲಿ ನೋಡಿದ್ರೂ ಮುದುಕರಾ?"

"ಹೌದಜ್ಜಿ."

"ಹೆಂಗಸರೂ ಇದ್ದಾರಾ?"

"ಹೆಂಗಸರೇ ಜಾಸ್ತಿಯಂತೆ."

ಮಾಮಿಯ ಬೆರಳುಗಳು ಬೀಡಿ ಸುತ್ತುವುದನ್ನು ನಿಲ್ಲಿಸಿದವು. "ಒಳ್ಳೆ ಊರು. ಇಲ್ಲಿಂದ ಬಸ್ ಉಂಟಾ?"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಝೊಹರಾ ಬಾಗಿಲಲ್ಲಿ ನಿಂತವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮಾಮಿ ನಗಲಿಲ್ಲ. ಅದನ್ನು ನಾನು ನೋಡಿದೆ, ಆದರೆ ಅದರ ಅರ್ಥ ಹುಡುಕಲಿಲ್ಲ.

ಮುಂದಿನ ವಾರ ಟೀಚರ್ ನನ್ನನ್ನು ಶಾಲೆಗೆ ಬರಹೇಳಿದರು. ಮಲಯಾಳಿ ಹುಡುಗಿ, ಹೆರಿಗೆ ರಜೆ ಮುಗಿಸಿ ಹೊಸದಾಗಿ ಕೆಲಸಕ್ಕೆ ಬಂದವಳು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಮೇಜಿನ ಮೇಲೆ ಪ್ರಾಜೆಕ್ಟುಗಳನ್ನು ಹರಡಿ ಇಟ್ಟಿದ್ದಳು. ನಿತಿನ್‌ನ ಅಜ್ಜಿ, ಸಮೀನಾಳ ಅಜ್ಜಿ, ಎರಡನೇ ಮಹಡಿಯ ಮಂಗಳೂರು ಕ್ರಿಶ್ಚಿಯನ್ನರ ಅವಳಿಗಳ ಅಜ್ಜಿ, ಮೇಲಿನ ಮನೆಯ ತಮಿಳು ಹುಡುಗನ ಅಜ್ಜಿ, ಎಲ್ಲದರಲ್ಲೂ ಅದೇ ಬಿಳಿಯ ತುರುಬು, ಅದೇ ಓಲೆ, ಹಿಂದೆ ಅದೇ ನಮ್ಮ ಮನೆಯ ಕ್ಯಾಲೆಂಡರು.

"ಎಲ್ಲರ ಅಜ್ಜಿಗೂ ಮೊಣಕಾಲು ನೋವು, ಎಲ್ಲರ ಅಜ್ಜಿಗೂ ಟಿವಿ ಹಾಕುವ ಮಗ, ಎಲ್ಲರ ಅಜ್ಜಿಯೂ ಜಪಾನಿಗೆ ಬಸ್ ಕೇಳ್ತಾರೆ" ಎಂದಳು ಇಂಗ್ಲಿಷಿನಲ್ಲಿ. "ಇದು ಕಾಪಿ ಅಲ್ವಾ ಮೇಡಂ?"

"ಕಾಪಿ ಅಲ್ಲ ಮಿಸ್" ಎಂದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಆ ದಿನ ಬೆವರು ಬೇರೆ ಬಂದಿತ್ತು. "ನಮ್ಮ ಕಟ್ಟಡದಲ್ಲಿ ಇರುವುದೇ ಒಬ್ಬರು. ಮಕ್ಕಳು ಹಂಚಿಕೊಂಡಿವೆ."

ಅವಳು ನಗಲು ಶುರು ಮಾಡಿದಳು, ಮಧ್ಯದಲ್ಲೇ ನಿಲ್ಲಿಸಿದಳು. ಎಲ್ಲ ಹಾಳೆಗಳನ್ನು ಒಟ್ಟು ಮಾಡಿ ಅಂಚು ಸಮ ಮಾಡಿದಳು. ಆಮೇಲೆ ತಗ್ಗಿದ ಸ್ವರದಲ್ಲಿ, "ಅವರಿಗೆ ಮಗುವಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸ್ಲಿಕ್ಕೆ ಬರ್ತದಾ?" ಎಂದು ಕೇಳಿದಳು. "ನನ್ನ ಅಮ್ಮನಿಗೆ ವೀಸಾ ಸಿಗಲಿಲ್ಲ. ನಾನು ಪುಸ್ತಕ ನೋಡಿ ಮಾಡ್ತೇನೆ. ಅವನು ಅಳ್ತಾನೆ, ನಾನೂ ಅಳ್ತೇನೆ."

ಆ ಶುಕ್ರವಾರ ನಮ್ಮ ಬಚ್ಚಲಿನಲ್ಲಿ ಮಾಮಿ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕಾಲು ಚಾಚಿ ಕುಳಿತು, ಮಗುವನ್ನು ಕಾಲಿನ ಮೇಲೆ ಕವುಚಿ ಮಲಗಿಸಿ ತೆಂಗಿನೆಣ್ಣೆ ತಿಕ್ಕಿದರು. ಸುಮ್ಮನಿರದ ಆ ಬೆರಳುಗಳಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಟೀಚರ್ ಬಾಗಿಲಿಗೆ ಒರಗಿ ನೋಡುತ್ತ, ಮಗು ಮಲಗುವ ಮೊದಲು ತಾನೇ ನಿಂತಲ್ಲಿ ತೂಕಡಿಸಿದಳು. ಅಂದಿನಿಂದ ನಮ್ಮ ಮನೆಗೆ ಊರಾಚೆಯ ಮುಐದರ್‌ನಿಂದಲೂ ಬಸುರಿಯರು, ಬಾಣಂತಿಯರು ಬಂದರು. ಮಗುವಿಗೆ ದೃಷ್ಟಿ ತೆಗೆಸಲು ಬಂದರು, ಬರೀ ಗದರಿಸಿಕೊಳ್ಳಲು ಬಂದರು. ನನಗೆ ಚಾ ಮಾಡಿ ಮಾಡಿ ಸಾಕಾಗುತ್ತಿತ್ತು. ಹೆಮ್ಮೆಯೂ ಆಗುತ್ತಿತ್ತು. ಕತಾರಿನಲ್ಲಿ ಫ್ರಿಜ್, ವಿಸಿಆರ್ ಎಲ್ಲರ ಮನೆಯಲ್ಲೂ ಇದ್ದವು. ಅಜ್ಜಿ ಇದ್ದದ್ದು ನಮ್ಮಲ್ಲಿ ಮಾತ್ರ.

ಹೀಗಿರುವಾಗ ವಿಸಿಟ್ ಮುಗಿಯುತ್ತ ಬಂತು. ನನ್ನ ಗಂಡ ಅವರಿವರ ಕೈಕಾಲು ಹಿಡಿದು, ಕಂಪನಿಯ ಮಾಲೀಕ ಅರಬಾಬನನ್ನು ಒಪ್ಪಿಸಿ, ತಾಯಿ ಇಲ್ಲೇ ಉಳಿಯುವ ಏರ್ಪಾಡು ಮಾಡಿ ಬಂದರು. ಝೊಹರಾ ಖುಷಿಗೆ ತುಪ್ಪದನ್ನ ಮಾಡಿ ತಂದಳು. ಮಾಮಿ ಊಟ ಮುಗಿಸಿ ಕೈ ತೊಳೆದು ಬಂದು, "ನಾನು ಹೋಗ್ತೇನೆ" ಎಂದರು.

ನನ್ನ ಗಂಡ ಎದ್ದು ನಿಂತರು. "ಹೋಗೂದಾ? ಇಷ್ಟೆಲ್ಲ ಮಾಡಿ ಬಂದಿದ್ದೇನೆ. ನಿನಗೆ ಇಲ್ಲಿ ಎಂತ ಕಮ್ಮಿಯಾಗಿದೆ?"

"ಎಂತದೂ ಕಮ್ಮಿಯಾಗ್ಲಿಲ್ಲ."

"ಮತ್ತೆ? ಇಡೀ ಬಿಲ್ಡಿಂಗ್ ನಿನ್ನ ಹಿಂದೆ ಉಂಟು."

"ಹೌದು. ಎಲ್ಲರೂ ಹಿಂದೆ ಇದ್ದಾರೆ. ಪಕ್ಕದಲ್ಲಿ ಯಾರಿದ್ದಾರೆ?" ಎಂದರು ಮಾಮಿ. "ನಾನು ನಿನಗೆ ಅಮ್ಮ, ಇವಳಿಗೆ ಮಾಮಿ, ಊರಿಗೆಲ್ಲ ಅಜ್ಜಿ. ಗುಲಾಬಿ ಎಲ್ಲಿ ಹೋದಳು? ಬಂದ ಮೇಲೆ ಒಬ್ಬರಾದ್ರೂ ನನ್ನನ್ನು ಹೆಸರು ಹಿಡಿದು ಕರೆದ್ರಾ? ಕಲ್ಯಾಣಿ ಇದ್ದಿದ್ರೆ, ಏ ಗುಲಾಬಿ, ನಿನಗೆ ಭಾರೀ ಸೊಕ್ಕು ಬಂದಿದೆ ಅಂತಿದ್ದಳು. ಇಲ್ಲಿ ನನಗೆ ಹಾಗೆ ಬೈಯ್ಲಿಕ್ಕೂ ಒಂದು ಜನ ಇಲ್ಲ."

ಕಲ್ಯಾಣಿ ಪಡುಬಿದ್ರಿಯಲ್ಲಿ ನಮ್ಮ ಬೇಲಿಯಾಚೆಯವರು. ಮಾಮಿಯ ಜೊತೆಗೇ ಮದುವೆಯಾಗಿ ಆ ಕೇರಿಗೆ ಬಂದವರು, ಜೊತೆಗೇ ಕುಳಿತು ಬೀಡಿ ಕಟ್ಟಿದವರು. ದಿನಾ ಜಗಳ, ದಿನಾ ರಾಜಿ. ನನ್ನ ಗಂಡ ಹೋಗಿ ಟಿವಿ ಹಾಕಿದರು. ಸ್ವರವನ್ನು ಮಾತ್ರ ತುಂಬ ಸಣ್ಣದು ಮಾಡಿದರು. ನನಗೆ ಒಳಗೇ ನೋವಾಯಿತು. ನಾವಿಷ್ಟು ಜನ ಪ್ರೀತಿಸಿದ್ದು ಒಬ್ಬ ಕಲ್ಯಾಣಿಗೆ ಸಮವಾಗಲಿಲ್ಲವೇ ಎಂದು. ನನಗಾಗ ಮೂವತ್ತು ಚಿಲ್ಲರೆಯ ಪ್ರಾಯ. ನನ್ನನ್ನು ಹೆಸರು ಹಿಡಿದು ಕರೆಯುವವರು ಆಗ ಬೀದಿ ತುಂಬ ಇದ್ದರು. ಆ ಮಾತು ಹೇಗೆ ಅರ್ಥವಾಗಬೇಕು?

ಮಾಮಿ ಹೊರಟ ದಿನ ಕಟ್ಟಡದ ಮಕ್ಕಳೆಲ್ಲ ಮೆಟ್ಟಿಲ ಮೇಲೆ ಕುಳಿತಿದ್ದವು. ಸಮೀನಾ ಅತ್ತು ಮೂಗು ಕೆಂಪು ಮಾಡಿಕೊಂಡಿದ್ದಳು. ಯಾರೋ ಗೋಡೆ ಗಡಿಯಾರ ತಂದು ಕೊಟ್ಟರು. ಮಾಮಿ ಅದನ್ನು ಟೀಚರಿನ ಮಗುವಿಗೆ ಆಡಲು ಕೊಟ್ಟು ಕಾರು ಹತ್ತಿದರು.

ಈಗ ಮಾಮಿಯ ಕೊನೆಯ ತಿಂಗಳುಗಳ ಮಾತು. ಕಲ್ಯಾಣಿ ಹೋಗಿ ಬಹಳ ವರ್ಷಗಳಾಗಿದ್ದವು. ಅವರ ಪ್ರಾಯದವರು ಒಬ್ಬೊಬ್ಬರಾಗಿ ಎಲ್ಲ ಮುಗಿದು, ಪಡುಬಿದ್ರಿಯೂ ಮಾಮಿಯ ಪಾಲಿಗೆ ಬಿನ್ ಒಮ್ರಾನ್ ಆಗಿತ್ತು. ನೆನಪು ಮಾಸುತ್ತ ಬಂತು. ಮೊದಲು ಮೊಮ್ಮಕ್ಕಳು ಮರೆತುಹೋದರು, ಆಮೇಲೆ ತೀರಿಕೊಂಡ ಮಗ, ಆಮೇಲೆ ನಾನು. ಒಂದು ದಿನ ಗಂಜಿ ಉಣಿಸಲು ಹೋದರೆ ಬಾಯಿ ಬಿಗಿದುಕೊಂಡರು. ಎಷ್ಟು "ಮಾಮಿ, ಮಾಮಿ" ಎಂದರೂ ಕೇಳಿಸಿಕೊಳ್ಳಲಿಲ್ಲ. ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಸುತ್ತುತ್ತಿದ್ದವು. ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರು ಬಾಯಲ್ಲಿ ತರುವ ಕ್ರಮವಿಲ್ಲ. ಅಷ್ಟು ವರ್ಷ ನಾನೂ ತಂದವಳಲ್ಲ. ಬಾಗಿಲ ಕಡೆ ಒಮ್ಮೆ ನೋಡಿದೆ, ಯಾರೂ ಇರಲಿಲ್ಲ. "ಏ ಗುಲಾಬಿ" ಎಂದೆ. "ನಿನಗೆ ಭಾರೀ ಸೊಕ್ಕು ಬಂದಿದೆ. ಸುಮ್ಮನೆ ಉಣ್ಣು."

ಮಾಮಿ ಕಣ್ಣು ಬಿಟ್ಟು ನೋಡಿದರು. ಹಲ್ಲಿಲ್ಲದ ಬಾಯಿ ಅಗಲವಾಯಿತು. "ಈಗ ಬಂದೆಯಾ ಕಲ್ಯಾಣಿ? ಎಲ್ಲಿ ಸತ್ತಿದ್ದೆ ಇಷ್ಟು ದಿನ?" ಎಂದು ಬೈದು ಬಾಯಿ ತೆರೆದರು. ಅಲ್ಲಿಂದ ಕೊನೆಯವರೆಗೂ ನಾನು ಕಲ್ಯಾಣಿಯಾಗಿಯೇ ಇದ್ದೆ. ನಾವಿಬ್ಬರೂ ಕೇರಿಯವರನ್ನೆಲ್ಲ ಆಡಿಕೊಂಡೆವು. ಕಲ್ಯಾಣಿಯ ಹತ್ತಿರ ಅವರು ನನ್ನ ಬಗ್ಗೆಯೂ ದೂರು ಹೇಳಿದರು. ಸೊಸೆ ಒಳ್ಳೆಯವಳೇ, ಸಾರಿಗೆ ಉಪ್ಪು ಮಾತ್ರ ಸಾಲದು ಎಂದು. ಹೋಗುವ ಹಿಂದಿನ ದಿನವೂ ನನ್ನ ಕೈ ಹಿಡಿದುಕೊಂಡು ಎಲೆ ಸುತ್ತಿದ್ದರು.

ಮೊನ್ನೆ ಲಿಫ್ಟಿನ ಹುಡುಗಿ ಇಳಿದು ಹೋದ ಮೇಲೆ ನಾನು ಮೇಲೆ ಹೋಗಲಿಲ್ಲ. ಪುನಃ ಕೆಳಗೆ ಬಂದೆ. ಇಲ್ಲಿ ಬಕಾಲಾದ ಪಕ್ಕ, ನೆರಳಿನಲ್ಲಿ, ಸಂಜೆ ಹೊತ್ತು ಒಬ್ಬರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕರಿಬೇವಿನ ಎಲೆ ಬಿಡಿಸುತ್ತ ಕೂರುತ್ತಾರೆ. ಕೆಳಮನೆಯ ರಿಯಾಝ್‌ನ ತಾಯಿ. ಅವರೂ ವಿಸಿಟ್‌ನಲ್ಲಿ ಬಂದವರು. ಬಂದಾಗಿನಿಂದ ನಾವು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದ್ದಷ್ಟೇ. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ನೀವು ನಿತಿನ್‌ನ ಅಮ್ಮ ಅಲ್ವಾ?" ಎಂದರು.

"ಹೌದು. ನಿಮ್ಮ ಹೆಸರೆಂತ?"

"ನಾನು ರಿಯಾಝ್‌ನ ಉಮ್ಮ."

"ಅದು ಗೊತ್ತುಂಟು. ನಿಮ್ಮ ಹೆಸರು ಕೇಳಿದ್ದು."

ಅವರು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು. ಬಹಳ ದಿನದಿಂದ ಪೆಟ್ಟಿಗೆಯಲ್ಲಿಟ್ಟಿದ್ದನ್ನು ತೆಗೆಯುವವರ ಹಾಗೆ, "ನಬೀಸಾ" ಎಂದರು. ನಾನು ನನ್ನದು ಹೇಳಿದೆ. ನನ್ನ ಪ್ರಾಯ ಕೇಳಿದರು, ತಮ್ಮದು ಹೇಳಿದರು. ಒಂದೇ ವರ್ಷದ ಅಂತರ. ಆಮೇಲೆ ನನ್ನ ತಲೆ ನೋಡಿ, "ಇದೆಂತ ಅರ್ಧಂಬರ್ಧ? ಒಂದಾ ಹಚ್ಚು, ಇಲ್ಲಾ ಬಿಡು" ಎಂದರು. ಬಿಟ್ಟೆ ಎಂದೆ.

ನಿನ್ನೆ ಸಂಜೆ ಒಳಗೆ ಬಟ್ಟೆ ಮಡಚುತ್ತಿದ್ದೆ. ಬೆಲ್ ಆಯಿತು. ಬಾಗಿಲು ತೆರೆದ ಮೊಮ್ಮಗಳು ಕಣ್ಣು ಅಗಲ ಮಾಡಿಕೊಂಡು ಓಡಿಬಂದಳು.

"ಅಜ್ಜಿ, ಡೋರಲ್ಲಿ ಇನ್ನೊಂದು ಅಜ್ಜಿ ಬಂದಿದ್ದಾರೆ. ನಿಮ್ಮ ನೇಮ್ ಹೇಳಿ, ಅವಳು ಇದ್ದಾಳಾ ಅಂತ ಕೇಳಿದ್ರು." ಸ್ವರ ತಗ್ಗಿಸಿ ಕೇಳಿದಳು, "ಹಾಗೆ ಹೇಳ್ಬಹುದಾ?"

"ಅವಳು ಹೇಳ್ಬಹುದು" ಎಂದು ನಾನು ಚಪ್ಪಲಿ ಹುಡುಕಿದೆ.