ಶಾಂತಕ್ಕ ಟೀಚರ್ ಕೇಳಿದ ಪ್ರಶ್ನೆ

ಸ್ನೇಹಿತರೇ, ಇವತ್ತು ನರೇಗಲ್‌ನ ನಮ್ಮ ಶಾಲೆಯ ಶಿಕ್ಷಕರಿಗೆ ಆನ್‌ಲೈನ್ ತರಬೇತಿ ಇತ್ತು. ವಿಷಯ, ‘ಮಕ್ಕಳ ಮಾತಿಗೆ ಕಿವಿಗೊಡುವುದು’. ಮುಗಿಯುವ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ಶಾಂತಕ್ಕ ಟೀಚರ್ ಮೈಕ್ ಆನ್ ಮಾಡಿದರು.

“ಸರ್, ನನ್ನ ಕ್ಲಾಸಿನ ಒಂದ್ ಹುಡುಗಿ ಅವ್ವ ಸತ್ತಾಗಿಂದ ಮಾತ ಆಡವಲ್ಲಳ್ರಿ. ಏನ್ ಮಾಡ್ಲಿರಿ?”

“ಮೇಡಂ, ಮ್ಯೂಟ್ ಮಾಡಿ. ಪ್ರಶ್ನೆಗಳನ್ನು ಚಾಟ್‌ನಲ್ಲಿ ಹಾಕಿ,” ಎಂದರು ತರಬೇತುದಾರರು.

ಶಾಂತಕ್ಕನಿಗೆ ಟೈಪಿಂಗ್ ಬರುವುದಿಲ್ಲ. ಪ್ರಶ್ನೆಯನ್ನೂ ಅವರ ನಂಬರನ್ನೂ ನಾನೇ ಹಾಕಿದೆ. ಉತ್ತರ ಬರುವ ಮೊದಲೇ ತರಬೇತಿ ಮುಗಿಯಿತು.

ಐದು ನಿಮಿಷದಲ್ಲಿ, ಅದೇ ತರಬೇತಿಯಲ್ಲಿದ್ದ ಗಜೇಂದ್ರಗಡದ ಟೀಚರೊಬ್ಬರು ಶಾಂತಕ್ಕನಿಗೆ ಫೋನ್ ಮಾಡಿದರು. “ನಮ್ಮ ಸಾಲ್ಯಾಗೂ ಒಂದ್ ಹುಡುಗಿಗೆ ಹಿಂಗ ಆಗಿತ್ರಿ. ನಾ ಏನೂ ಕೇಳಲಿಲ್ಲ. ದಿನಾ ಬಾಜೂಕ ಕುಂಡ್ರಿಸ್ಕೊಂಡು ರೊಟ್ಟಿ ತಿಂದೆ. ಭಾಳ ದಿನಕ್ಕ ಒಮ್ಮೆ, ಚಟ್ನಿ ಖಾರ ಐತಿ ಅಂದ್ಲು.”

ಫೋನಿಟ್ಟು ಶಾಂತಕ್ಕ ಅತ್ತುಬಿಟ್ಟರು. “ನಾ ನಿನ್ನೆನೂ ಆಕಿಗೆ, ಬಾಯಿಲ್ಲೇನ್ ನಿನಗ ಅಂತ ಬೈದೀನಲ್ಲ...”

ಆಮೇಲೆ ಪ್ರಮಾಣಪತ್ರಕ್ಕೆ ಭರ್ತಿ ಮಾಡುವ ಫಾರ್ಮ್ ಬಂತು. ‘ತರಬೇತಿಯಲ್ಲಿ ಅತ್ಯಂತ ಉಪಯುಕ್ತವಾದದ್ದು ಯಾವುದು?’ ಎಂದು ಕೇಳಿ ನಾಲ್ಕು ಉತ್ತರ ಕೊಟ್ಟಿದ್ದರು. ಮುಗಿದ ಮೇಲೆ ಬಂದ ಫೋನ್ ಅದರಲ್ಲಿ ಇರಲಿಲ್ಲ.